ಕಾರಣ ಇದ್ದಿರಬೇಕು

ನಮ್ಮ ಊರಿನ ಚಾವಡಿಯ ಗೋಡೆಯಲ್ಲಿ ನಾನೂರ ಹನ್ನೆರಡು ತೀರ್ಮಾನಗಳಿವೆ. ಕಾರಣ ಒಂದೂ ಇಲ್ಲ. ಅಂಗೈ ಅಗಲದ ಸುಟ್ಟ ಮಣ್ಣಿನ ಬಿಲ್ಲೆಗಳು ಅವು. ಒಂದೊಂದರ ಮುಖದ ಮೇಲೂ ಒಂದೊಂದು ತೀರ್ಮಾನ ಕೊರೆದು, ಮುಖ ಈಚೆಗೆ ಮಾಡಿ, ಕೆಸರು ಮೆತ್ತಿ ಗೋಡೆಗೆ ಕೂರಿಸಿದ್ದಾರೆ. ಮಂಗಳವಾರ ತೆಂಕಣ ಬೀದಿಯಲ್ಲಿ ಒನಕೆ ಎತ್ತಬಾರದು. ಕತ್ತೆಗೆ ಹೆಸರಿಡಬಾರದು. ಕೆರೆಕೋಡಿಯ ಹುಣಸೆಮರದ ಕೆಳಗೆ ಮೂವರು ಒಟ್ಟಿಗೆ ಕೂರಬಾರದು. ಈ ಕೊನೆಯದರಿಂದಾಗಿ ಆ ಮರದ ಕೆಳಗೆ ಯಾವಾಗ ನೋಡಿದರೂ ಇಬ್ಬರು ಕೂತಿರುತ್ತಾರೆ, ಒಬ್ಬ ನಿಂತಿರುತ್ತಾನೆ. ನಿಂತವನು ಸುಸ್ತಾದರೆ ಕೂತವರಲ್ಲೊಬ್ಬ ಎದ್ದು ಜಾಗ ಕೊಡುತ್ತಾನೆ. ಏಕೆ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಎಲ್ಲರೂ ಕೊಡುವ ಉತ್ತರ ಒಂದೇ: ಕಾರಣ ಇದ್ದಿರಬೇಕು.

ಚಾವಡಿಯಲ್ಲಿ ಒಂದು ಕೊಪ್ಪರಿಗೆ ನೀರಿದೆ. ಅದರ ಮೇಲೆ ತಳದಲ್ಲಿ ಸಾಸಿವೆಗಾತ್ರದ ತೂತಿರುವ ತಾಮ್ರದ ಬಟ್ಟಲನ್ನು ತೇಲಿಬಿಡುವುದು ನನ್ನ ಕೆಲಸ. ನನಗಿಂತ ಮುಂಚೆ ನನ್ನ ಅಪ್ಪ ಬಿಡುತ್ತಿದ್ದ, ಅವನಿಗಿಂತ ಮುಂಚೆ ಅವನ ಅಪ್ಪ. ಅದಕ್ಕೇ ಊರಲ್ಲಿ ನನ್ನನ್ನು ಬಟ್ಟಲಪ್ಪ ಎನ್ನುತ್ತಾರೆ. ಹೆತ್ತವರಿಟ್ಟ ಹೆಸರು ಬೇರೆ ಇದೆ, ಕೇಳಿದವರಿಲ್ಲ. ತೂತಿನಿಂದ ನೀರು ಏರಿ ಏರಿ ಒಂದು ಗಳಿಗೆಗೆ ಸರಿಯಾಗಿ ಬಟ್ಟಲು ಗುಳುಂ ಎಂದು ಮುಳುಗುತ್ತದೆ. ಅಷ್ಟರೊಳಗೆ ತೀರ್ಮಾನವಾಗಬೇಕು. ಬಟ್ಟಲಿನ ಜೊತೆಗೆ ಇನ್ನೆರಡು ಸಂಗತಿಗಳೂ ಎಲ್ಲರ ತಲೆಯಿಂದ ಮುಳುಗುತ್ತವೆ: ಆ ತೀರ್ಮಾನವನ್ನು ಯಾರು ಕೇಳಿದರು, ಏಕೆ ಕೇಳಿದರು. ಮಿಕ್ಕದ್ದೆಲ್ಲ ಉಳಿಯುತ್ತದೆ. ಬೈಗುಳ ಉಳಿಯುತ್ತದೆ, ನಗೆಚಾಟಿಕೆ ಉಳಿಯುತ್ತದೆ, ಯಾರ ಕೆಮ್ಮು ಎಷ್ಟು ಹೊತ್ತು ನಡೆಯಿತು ಎನ್ನುವುದೂ ಉಳಿಯುತ್ತದೆ. ಕೇಳಿದವರು ಯಾರೆಂಬುದಕ್ಕೆ ಗುರುತಿರಲಿ ಎಂದೇ ಹಸಿ ಬಿಲ್ಲೆಯ ಬೆನ್ನ ಮೇಲೆ ಅವರ ಹೆಬ್ಬೆಟ್ಟು ಒತ್ತಿಸುತ್ತೇವೆ. ಆದರೆ ಬೆನ್ನು ಗೋಡೆಯ ಕಡೆಗಿರುತ್ತದೆ.

ಕಾರಣವನ್ನೂ ಬರೆದಿಡಬಾರದೇ ಎಂದು ನೀವು ಕೇಳಬಹುದು. ನನ್ನ ಅಜ್ಜ ಒಮ್ಮೆ ಬಟ್ಟಲು ಮುಳುಗುವ ಮೊದಲೇ ಗುಟ್ಟಾಗಿ ಬರೆದಿಟ್ಟನಂತೆ. ಮರುದಿನ ನಾಲ್ಕು ಜನರ ಮುಂದೆ ಓದಿಸಿದ. ‘ಅವತ್ತು ಪಡುವಣ ಗಾಳಿ ಬೀಸುತ್ತಿತ್ತು, ಅವಳು ಬಾಗಿಲು ಹಾಕಿರಲಿಲ್ಲ’ ಎಂದಿತ್ತು. ಎಲ್ಲರೂ ಓದಿದರು, ಅಕ್ಷರ ಚೆನ್ನಾಗಿದೆ ಎಂದರು, ಅದಕ್ಕೇನೀಗ ಎಂದರು. ಅಲ್ಲಿಗೆ ಆ ಪ್ರಯೋಗ ನಿಂತಿತು.

ಗಳಿಗೆಯೊಳಗೆ ಬುದ್ಧಿ ಓಡಿಸುವುದನ್ನು ನಮ್ಮವರು ರೂಢಿ ಮಾಡಿಕೊಂಡಿದ್ದಾರೆ. ಚಾವಡಿಯ ಯಜಮಾನ ಪಾಲಾಕ್ಷಪ್ಪನ ತಲೆಗೆ ಒಂದು ಸಲಕ್ಕೆ ಮೂರು ಕಾರಣ ಹಿಡಿಯುತ್ತವೆ. ನಾಲ್ಕನೆಯದು ಬಂದರೆ ಮೊದಲನೆಯದು ಎದ್ದು ಹೋಗುತ್ತದೆ. ಇದು ಊರಿಗೆಲ್ಲ ಗೊತ್ತಿರುವುದರಿಂದ ಜಾಣರು ತಮ್ಮ ಮಾತನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಎಲ್ಲರೂ ಜಾಣರಾಗಿ ಬಂದ ದಿನ ಮುಕ್ಕಾಲು ಗಳಿಗೆ ಯಾರೂ ಬಾಯಿ ಬಿಡುವುದಿಲ್ಲ. ಒಮ್ಮೆ ಹೊರಗಿನಿಂದ ಬಂದ ಒಬ್ಬ ಓದಿದ ಮನುಷ್ಯ ಇದನ್ನೆಲ್ಲ ನೋಡಿ ಬಹಳ ನಕ್ಕ. ಆತ ಊಟಕ್ಕೆ ಕೂತಾಗ ತಟ್ಟೆಯ ಬಲಗಡೆಗಿದ್ದ ನೀರಿನ ಲೋಟವನ್ನು ಎತ್ತಿ ಎಡಗಡೆಗೆ ಇಟ್ಟುಕೊಂಡ. ಏಕೆ ಎಂದು ಕೇಳಿದೆ. ಮೊದಲಿನಿಂದ ಹಾಗೇ ಎಂದ. ನಾನು ಮುಂದೆ ಕೇಳಲಿಲ್ಲ, ಅತಿಥಿ.

ಇನ್ನೂರ ಎಂಬತ್ತಾರನೆಯ ಬಿಲ್ಲೆಯ ಮೇಲೆ ಹೀಗಿತ್ತು: ಓಬಳಕ್ಕ ತನ್ನ ತಂಗಿ ಚೌಡಕ್ಕನ ಮನೆಯ ಹೊಸ್ತಿಲು ದಾಟಬಾರದು. ಅದಕ್ಕೆ ಈಗ ಮೂವತ್ತಮೂರು ವರ್ಷ. ಭಟ್ಟಿ ಬೀದಿಯಲ್ಲಿ ಅಕ್ಕನ ಮನೆಗೂ ತಂಗಿಯ ಮನೆಗೂ ನಡುವೆ ಇರುವುದು ಹನ್ನೆರಡು ಹೆಜ್ಜೆ. ಓಬಳಕ್ಕ ಗಂಡ ಸತ್ತ ಮೇಲೆ ಮಂಡಕ್ಕಿ ಭಟ್ಟಿಯನ್ನು ತಾನೇ ನಡೆಸಿದವಳು; ಬಿಸಿ ಮರಳಿನ ಮುಂದೆ ಕೂತು ಕೂತು ಅವಳ ಮಾತಿಗೂ ಅದೇ ಕಾವು ಬಂದಿತ್ತು. ಚೌಡಕ್ಕ ನಾಲ್ಕು ವರ್ಷ ಚಿಕ್ಕವಳು, ಮೆತ್ತಗಿನ ಹೆಂಗಸು. ಬಿಲ್ಲೆಯಾದ ದಿನ ಇಬ್ಬರೂ ಚಾವಡಿಗೆ ಒಟ್ಟಿಗೇ ಬಂದಿದ್ದರು, ಒಟ್ಟಿಗೇ ಅತ್ತಿದ್ದರು, ಒಟ್ಟಿಗೇ ಮನೆಗೆ ಹೋಗಿದ್ದರು. ಅಷ್ಟು ಎಲ್ಲರಿಗೂ ನೆನಪಿದೆ. ಕೇಳಿದವಳು ಚೌಡಕ್ಕ ಎಂದು ಊರು ಅಂದುಕೊಂಡಿತು. ಮನೆ ಅವಳದು, ಹೊಸ್ತಿಲು ಅವಳದು, ಬೇರೆ ಯಾರು ಕೇಳುತ್ತಾರೆ?

ಅಕ್ಕನೂ ಹಾಗೇ ಅಂದುಕೊಂಡಳು, ತಂಗಿಯೂ ಹಾಗೇ ಅಂದುಕೊಂಡಳು. ಓಬಳಕ್ಕ ತಂಗಿಯನ್ನು ಕ್ಷಮಿಸಿದಳು. ಬಾಯಿಬಿಟ್ಟು ಕ್ಷಮಿಸಲಿಲ್ಲ, ದಿನವೂ ಒಂದಿಷ್ಟು, ಎದುರು ಜಗಲಿಯ ಮೇಲೆ ಕೂತು, ಎಲ್ಲರಿಗೂ ಕಾಣುವ ಹಾಗೆ ಕ್ಷಮಿಸಿದಳು. ಚೌಡಕ್ಕ ಪ್ರತಿ ಹಬ್ಬಕ್ಕೂ ಹೋಳಿಗೆ ಮಾಡಿ ಮೊದಲ ಐದನ್ನು ಎದುರುಮನೆಗೆ ಕಳಿಸಿದಳು. ‘ನೀನೇ ಕೇಳಿದ್ದು, ನೀನೇ ವಾಪಸ್ ತಗೊಂಡ್ರೆ ಮುಗೀತಲ್ಲ’ ಎಂದು ನಾನೇ ಒಮ್ಮೆ ಚೌಡಕ್ಕನಿಗೆ ಹೇಳಿದ್ದೆ. ‘ತಗೋಬಹುದು ಬಟ್ಟಲಪ್ಪ. ಆದ್ರೆ ನಾನು ಕೇಳಿದೀನಿ ಅಂದ್ರೆ ಕಾರಣ ಇದ್ದಿರಬೇಕಲ್ವಾ?’ ಎಂದಳು. ಓಬಳಕ್ಕನಿಗೆ ಹೇಳಿದರೆ ‘ಕಟ್ಟಿದೋಳು ಬಿಚ್ಚಲಿ’ ಎಂದಳು. ಹೀಗೆ ಮೂವತ್ತಮೂರು ವರ್ಷ ಕಳೆದವು. ಶುಕ್ರವಾರ ಮಧ್ಯಾಹ್ನ ಮಾತ್ರ ಓಬಳಕ್ಕ ಬಾಚಣಿಗೆ ಹಿಡಿದು ಹನ್ನೆರಡು ಹೆಜ್ಜೆ ನಡೆದು ತಂಗಿಯ ಜಗಲಿಯಲ್ಲಿ ಕೂರುತ್ತಿದ್ದಳು. ಚೌಡಕ್ಕ ಹೊಸ್ತಿಲ ಒಳಗೆ ಕೂತು ತಲೆಯನ್ನಷ್ಟೇ ಹೊರಗೆ ಚಾಚುತ್ತಿದ್ದಳು. ತಂಗಿಯ ಕೂದಲು ಮೊಣಕಾಲಿನವರೆಗೆ. ಅದನ್ನು ಬಾಚಲು ಅಕ್ಕನ ಕೈಗೆ ಮಾತ್ರ ಬರುತ್ತಿತ್ತು.

ಈ ವರ್ಷ ಸುಗ್ಗಿಯ ಹೊತ್ತಿಗೆ ಚೌಡಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅವಳನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿದರು. ನಾಟಿ ವೈದ್ಯ ಬಂದು ಎಣ್ಣೆ ಕೊಟ್ಟು, ಹೊರಗೆ ಬಂದು ಸೊಸೆಯ ಹತ್ತಿರ, ಇವರನ್ನು ಎತ್ತಿ ಅಲ್ಲಾಡಿಸಬೇಡಿ, ಇನ್ನು ಏಳುವುದಿಲ್ಲ, ಮುಂದಿನ ಸುಗ್ಗಿ ಕಂಡರೆ ದೊಡ್ಡದು ಎಂದ. ಆಮೇಲೆ ಎರಡು ತಿಂಗಳು ಅಕ್ಕತಂಗಿಯರು ಕೂಗಿಕೊಂಡೇ ಮಾತಾಡಿದರು. ಜಗಲಿಯಿಂದ ಓಬಳಕ್ಕ ಕೂಗುತ್ತಿದ್ದಳು, ಎರಡು ಗೋಡೆ, ಒಂದು ಹಸು ದಾಟಿ ಅದು ಚೌಡಕ್ಕನಿಗೆ ತಲುಪುತ್ತಿತ್ತು. ಬೀದಿಗೆಲ್ಲ ಕೇಳುತ್ತಿದ್ದುದರಿಂದ ಬೀದಿಯೂ ಮಾತಿಗೆ ಸೇರಿಕೊಂಡಿತು. ‘ಗಂಜಿ ಕುಡಿದ್ಯೇನೇ?’ ಎಂದು ಓಬಳಕ್ಕ ಕೂಗಿದರೆ ಪಕ್ಕದ ಮನೆಯವರು ‘ಅರ್ಧ ಬಿಟ್ಲು ಓಬಳಕ್ಕಾ’ ಎಂದು ಉತ್ತರ ಕೊಡುತ್ತಿದ್ದರು. ಒಂದು ಬೆಳಿಗ್ಗೆ ಒಳಗಿನಿಂದ ಚೌಡಕ್ಕ ‘ಅಕ್ಕಾ, ನನ್ನ ತಲೆ ಕತ್ತರಿಸ್ತಾರಂತೆ ಕಣೇ!’ ಎಂದು ಕಿರುಚಿದಳು. ನಾಲ್ಕು ಮನೆಯವರು ದೊಣ್ಣೆ ಹಿಡಿದು ಓಡಿಬಂದರು. ಕತ್ತರಿಸಲು ಹೊರಟದ್ದು ಕೂದಲನ್ನು; ಎರಡು ತಿಂಗಳು ಬಾಚದೆ ಅದು ಜಡೆಗಟ್ಟಿತ್ತು, ಸೊಸೆ ಬಾಚಲು ಹೋದರೆ ಚೌಡಕ್ಕ ನೋವಿಗೆ ಅಳುತ್ತಿದ್ದಳು.

ಅವತ್ತೇ ಚೌಡಕ್ಕ ಸೊಸೆಯಿಂದ ಹಸಿ ಮಣ್ಣು ತರಿಸಿ, ಅದರ ಮೇಲೆ ತನ್ನ ಹೆಬ್ಬೆಟ್ಟು ಒತ್ತಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಅಕ್ಕನಿಗೆ ಕಳಿಸಿದಳು. ಕೇಳಿದವರು ಚಾವಡಿಗೆ ಬರಲಾಗದಿದ್ದರೆ ನಮ್ಮಲ್ಲಿ ಹೀಗೆ ಮಾಡುತ್ತಾರೆ: ಗೋಡೆಯ ಬಿಲ್ಲೆ ಕಿತ್ತು ಬೆನ್ನು ನೋಡಿ, ಎರಡು ಹೆಬ್ಬೆಟ್ಟೂ ಒಂದೇ ಆದರೆ ತೀರ್ಮಾನವನ್ನು ವಾಪಸ್ ಕೊಡುತ್ತಾರೆ. ಆದರೆ ಅದೂ ಒಂದು ಬಟ್ಟಲಿನೊಳಗೆ ಆಗಬೇಕು. ಆಗದೆ ಮುಳುಗಿದರೆ ಆ ವಿಷಯವನ್ನು ಮೂರು ವರ್ಷ ಎತ್ತುವ ಹಾಗಿಲ್ಲ. ಮೂರು ವರ್ಷ ಚೌಡಕ್ಕನ ಹತ್ತಿರ ಇರಲಿಲ್ಲ.

ಓಬಳಕ್ಕ ಸೆರಗಿನಲ್ಲಿ ಮಣ್ಣು ಕಟ್ಟಿಕೊಂಡು, ಸೊಂಟಕ್ಕೆ ಬಾಚಣಿಗೆ ಸಿಕ್ಕಿಸಿಕೊಂಡು ಚಾವಡಿಗೆ ಬಂದಳು. ಗೆದ್ದವಳ ನಡಿಗೆ ಅದು. ಬೀದಿಯೂ ಹಿಂದೆಯೇ ಬಂತು. ನಾನು ಬಟ್ಟಲು ಬಿಟ್ಟೆ.

‘ಏನವ್ವಾ ಓಬಳಕ್ಕ, ಅಂತೂ ತಂಗಿ ಕರುಣೆ ತೋರಿಸಿದ್ಲು’ ಎಂದ ಪಾಲಾಕ್ಷಪ್ಪ.

‘ಮೂವತ್ಮೂರು ವರ್ಷ ಕರುಣೆ ತೋರಿಸಿದ್ದು ನಾನು. ಮೊದ್ಲು ಬಿಲ್ಲೆ ಕೀಳ್ಸು, ಆಮೇಲೆ ಕುಶಲ ಕೇಳು. ಗಂಟಲಲ್ಲಿ ಕೀವು ತುಂಬ್ಕೊಂಡೋನ ಹಂಗೆ ಎಳೀತೀಯ ಒಂದೊಂದು ಮಾತ್ನೂ.’

ಇನ್ನೂರ ಎಂಬತ್ತಾರನ್ನು ಕೀಳುವುದಕ್ಕೇ ಗಳಿಗೆಯ ಕಾಲುಭಾಗ ಹೋಯಿತು. ಅಪ್ಪನ ಕಾಲದ ಕೆಸರು ಕಲ್ಲಾಗಿತ್ತು. ಪಾಲಾಕ್ಷಪ್ಪ ಬಿಲ್ಲೆಯನ್ನು ತಿರುಗಿಸಿ ಧೂಳು ಊದಿ, ಪಕ್ಕದಲ್ಲಿ ಚೌಡಕ್ಕನ ಹಸಿ ಮಣ್ಣು ಇಟ್ಟು ನೋಡಿದ. ಕನ್ನಡಕ ಒರೆಸಿ ಮತ್ತೆ ನೋಡಿದ.

‘ಇದು ಚೌಡಕ್ಕನ ಬೆರಳಲ್ಲ’ ಎಂದ.

‘ಕಣ್ಣು ಹೋಗೈತೆ ನಿಂಗೆ. ಕೊಡು ಇಲ್ಲಿ’ ಎಂದು ಓಬಳಕ್ಕ ಕಸಿದುಕೊಂಡಳು.

ಸುಟ್ಟ ಮಣ್ಣಿನ ಆ ಗುರುತಿನ ನಡುವೆ ಓರೆಯಾಗಿ ಒಂದು ಗೀರಿತ್ತು, ಹೊಲದ ನಡುವೆ ಕಾಲುವೆ ಹೋದ ಹಾಗೆ. ಓಬಳಕ್ಕ ಹನ್ನೆರಡು ವರ್ಷದವಳಿದ್ದಾಗ ಈಳಿಗೆಮಣೆಯ ಮೇಲೆ ಕುಂಬಳಕಾಯಿ ಹೆಚ್ಚಲು ಹೋಗಿ ಬಲಗೈ ಹೆಬ್ಬೆಟ್ಟು ಸೀಳಿಕೊಂಡದ್ದು ಊರಿಗೆಲ್ಲ ಗೊತ್ತು. ಅವಳು ತನ್ನ ಬೆರಳನ್ನು ಬಿಲ್ಲೆಯ ಪಕ್ಕಕ್ಕೆ ಹಿಡಿದಳು. ಮತ್ತೆ ಬಿಲ್ಲೆಯನ್ನು ಬೆರಳಿನ ಪಕ್ಕಕ್ಕೆ ಹಿಡಿದಳು, ಅದರಿಂದ ಉತ್ತರ ಬದಲಾದೀತು ಎಂಬಂತೆ. ಚಾವಡಿಯಲ್ಲಿ ಕೆಮ್ಮುವವರೂ ಕೆಮ್ಮು ನಿಲ್ಲಿಸಿದರು.

ಹೊಸ್ತಿಲಿಗೆ ಅಡ್ಡ ಕೋಲಿಟ್ಟವಳು ಹೊಸ್ತಿಲ ಆಚೆಗಿದ್ದವಳೇ.

‘ಹೋಗ್ಲಿ ಬಿಡು, ಇನ್ನೂ ಸುಲಭ ಆಯ್ತು’ ಎಂದ ಪಾಲಾಕ್ಷಪ್ಪ. ‘ಕೇಳಿದೋಳು ಇಲ್ಲೇ ಇದೀಯ. ವಾಪಸ್ ತಗೊಂಡೆ ಅನ್ನು, ಎದ್ದು ಊಟಕ್ಕೆ ಹೋಗೋಣ.’

ಓಬಳಕ್ಕ ಅನ್ನಲಿಲ್ಲ. ಕಂಬಕ್ಕೆ ಒರಗಿ ಕೂತಳು. ಬಟ್ಟಲು ಅರ್ಧ ಇಳಿದಿತ್ತು.

ಅವಳ ಕಷ್ಟ ನನಗೆ ಅರ್ಥವಾಯಿತು. ತಂಗಿ ಕೇಳಿದ್ದರೆ ಅದು ತಂಗಿಯ ಪೆದ್ದುತನ, ತಂಗಿಯ ಮುನಿಸು. ಮುರಿಯಲು ಏನೂ ತೊಂದರೆಯಿರಲಿಲ್ಲ. ಆದರೆ ಓಬಳಕ್ಕ ಈ ಊರಿನಲ್ಲಿ ಪೂರ್ತಿ ನಂಬುತ್ತಿದ್ದುದು ಒಬ್ಬಳನ್ನೇ, ಆ ಒಬ್ಬಳು ಓಬಳಕ್ಕ. ಮೂವತ್ತೊಂದು ವರ್ಷದ ಆ ಓಬಳಕ್ಕ ಇದೇ ಕಂಬದ ಹತ್ತಿರ ಕೂತು, ಅಷ್ಟೆಲ್ಲ ಅತ್ತು, ಇದನ್ನು ಕೇಳಿಕೊಂಡಿದ್ದಳು. ಅವಳಿಗೆ ಏನೋ ಗೊತ್ತಿತ್ತು. ಈಗಿನವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವಳು ಗೊತ್ತಿದ್ದವಳ ಮಾತು ಮುರಿಯುವುದು ಹೇಗೆ?

‘ನಾನು ಸುಮ್‌ಸುಮ್ನೆ ಏನೂ ಕೇಳೋಳಲ್ಲ’ ಎಂದಳು, ಯಾರಿಗೂ ಅಲ್ಲದ ಹಾಗೆ.

ಹಿಂದಿನಿಂದ ಯಾರೋ ಚೌಡಕ್ಕನ ಗಂಡನ ಹೆಸರೆತ್ತಿದರು. ಹಾಲಪ್ಪ ಸತ್ತು ಹನ್ನೊಂದು ವರ್ಷವಾಗಿತ್ತು. ಪಾಲಾಕ್ಷಪ್ಪನೂ ಗಂಟಲು ಸರಿಮಾಡಿಕೊಂಡು, ‘ಅಲ್ಲ, ಆಗ ನೀನೂ ಚಿಕ್ಕ ವಯಸ್ಸಿನೋಳು, ಗಂಡ ಇರ್ಲಿಲ್ಲ, ಹಾಲಪ್ಪನೂ...’ ಎಂದು ಎಳೆದ.

‘ಹಾಲಪ್ಪನ ಮುಖ ನೋಡಿದ್ಯಾ ನೀನು?’ ಎಂದಳು ಓಬಳಕ್ಕ. ‘ಆ ಮುಖಕ್ಕೆ ಬಿಲ್ಲೆ ಬೇರೆ ಬೇಕಾಗಿತ್ತಾ?’

ಚಾವಡಿಯೆಲ್ಲ ನಕ್ಕಿತು. ಓಬಳಕ್ಕ ನಗಲಿಲ್ಲ. ಅವಳಿಗೂ ಅನುಮಾನ ಬಂದಿರಬೇಕು. ಮನುಷ್ಯರಿಗೆ ತಮ್ಮ ಮೇಲೆ ಬರುವ ಅನುಮಾನ ಮೊದಲು ಕಿವಿಯಲ್ಲಿ ಕಾಣುತ್ತದೆ, ಅವಳ ಕಿವಿ ಕೆಂಪಾಗಿತ್ತು. ಹಾಲಪ್ಪನದೇ ಕಾರಣವಾಗಿದ್ದರೆ ಅದು ಹಾಲಪ್ಪನ ಜೊತೆಗೇ ಸುಟ್ಟುಹೋಗಿತ್ತು. ಅಲ್ಲದಿದ್ದರೆ? ಗಂಡ ಸತ್ತವಳ ಕಾಲು ಒಳ್ಳೆಯದಲ್ಲ ಎಂದು ಯಾರಾದರೂ ಅಂದದ್ದಿರಬಹುದು. ತಂಗಿಯ ಮಗುವಿಗೆ ಜ್ವರ ಬಂದದ್ದಿರಬಹುದು. ಯಾವುದೋ ಜೋಯಿಸನ ಮಾತಿರಬಹುದು. ಅಥವಾ ಬರೀ ಸಾರಿನ ಉಪ್ಪಿನ ವಿಷಯಕ್ಕೆ ಜಗಳವಾಗಿ, ಅವಳದೇ ಕಾವಿನಲ್ಲಿ ‘ನಿನ್ನ ಹೊಸ್ತಿಲು ತುಳಿದ್ರೆ ಕೇಳು’ ಎಂದು ಚಾವಡಿಗೆ ಬಂದಿದ್ದಿರಬಹುದು. ಈ ಒಂದೊಂದನ್ನೂ ಅವಳು ತಿರುವಿ ಹಾಕುತ್ತಿದ್ದುದು ನನಗೆ ಕಾಣುತ್ತಿತ್ತು, ಬಾಣಲೆಯ ಮರಳಿನಲ್ಲಿ ಅಕ್ಕಿ ತಿರುವಿದ ಹಾಗೆ. ಯಾವುದೂ ಅರಳಲಿಲ್ಲ.

‘ಬಟ್ಟಲಪ್ಪ, ಎಷ್ಟೈತೆ?’ ಎಂದಳು ಓಬಳಕ್ಕ.

‘ಎರಡು ಬೆರಳು.’

‘ಬೇಗ ಹೇಳವ್ವಾ’ ಎಂದ ಪಾಲಾಕ್ಷಪ್ಪ. ‘ನನ್ನ ಕೇಳಿದ್ರೆ, ಹಿಂದಿನೋರು ಮಾಡಿದ್ದು ಹಂಗೇ ಇರ್ಲಿ. ತಿಳಿದೇ ಮಾಡಿರ್ತಾರೆ.’

‘ಹಿಂದಿನೋರು ನಾನೇ ಕಣಪ್ಪ!’

‘ಅದಕ್ಕೇ ಹೇಳಿದ್ದು.’

ಅವಳು ಸೊಂಟದ ಬಾಚಣಿಗೆ ತೆಗೆದು ಅದರ ಹಲ್ಲುಗಳ ಮೇಲೆ ಸೀಳು ಹೆಬ್ಬೆಟ್ಟನ್ನು ಎಳೆಯುತ್ತ ಕೂತಳು. ಕರ್ರ್, ಕರ್ರ್ ಎಂದು ಸದ್ದು. ಬಟ್ಟಲಿನ ಅಂಚಿಗೂ ನೀರಿಗೂ ಅಕ್ಕಿಕಾಳಿನಷ್ಟು ಅಂತರವಿತ್ತು. ‘ಎಷ್ಟು?’ ಎಂದಳು. ‘ಅಂಚಿಗೆ ಬಂತು’ ಎಂದೆ. ಆಮೇಲೂ ಅವಳು ಸುಮ್ಮನೇ ಕೂತಿದ್ದಳು. ಬಹಳ ಹೊತ್ತು ಕೂತಿದ್ದಳು. ‘ಇವತ್ತೇನು ಬಟ್ಟಲಿಗೂ ಸೋಮಾರಿತನವಾ?’ ಎಂದು ಪಾಲಾಕ್ಷಪ್ಪ ಆಕಳಿಸಿದ.

ಆಮೇಲೆ ಯಾರೋ ಎದ್ದು ನಿಂತು ಒಂದು ಕಾರಣ ಹೇಳಿದರು. ಹೇಳಿ, ವಾಪಸ್ ತಗೊಂಡೆ ಅಂದರು. ಓಬಳಕ್ಕನೇ ಇರಬೇಕು, ಬೇರೆಯವರಿಗೆ ಆ ಅಧಿಕಾರವಿರಲಿಲ್ಲ. ಏನು ಹೇಳಿದಳೋ ನನಗೆ ತಿಳಿಯದು. ದೊಡ್ಡ ಮಾತೇನೂ ಇರಲಾರದು, ಅಷ್ಟು ಸಮಯವಿರಲಿಲ್ಲ. ಆದರೆ ಪಾಲಾಕ್ಷಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡದ್ದು ನೆನಪಿದೆ, ದೊಣ್ಣೆ ಹಿಡಿದು ಬಂದಿದ್ದ ಪಕ್ಕದ ಮನೆಯವನು ಮೂಗು ಸೀಟಿದ್ದು ನೆನಪಿದೆ. ಬಟ್ಟಲು ಗುಳುಂ ಎಂದಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಓಬಳಕ್ಕ ಕಣ್ಣಲ್ಲಿ ನೀರಿಟ್ಟುಕೊಂಡು, ತಾನೇಕೆ ಅಳುತ್ತಿದ್ದೇನೆಂದು ತಿಳಿಯದೆ, ಅದಕ್ಕೂ ಪಾಲಾಕ್ಷಪ್ಪನೇ ಹೊಣೆ ಎಂಬಂತೆ ಅವನನ್ನು ದುರುಗುಟ್ಟಿ ನೋಡಿದಳು.

ವಾಪಸಾದ ಬಿಲ್ಲೆಯನ್ನು ಆಯಾ ಹೊಸ್ತಿಲಿನ ಮುಂದೆಯೇ ಒಡೆಯಬೇಕು. ಅದೂ ಬಟ್ಟಲಿನವನ ಕೆಲಸ. ಹಾಗಾಗಿ ನಾನು ಅವಳ ಹಿಂದೆ ಭಟ್ಟಿ ಬೀದಿಗೆ ಹೋದೆ. ಕಲ್ಲಿನ ಮೇಲೆ ಬಿಲ್ಲೆ ಒಡೆದೆ. ಓಬಳಕ್ಕ ಅದರ ಬೆನ್ನಿನ ತುಂಡನ್ನು, ಗೀರಿದ್ದುದನ್ನು, ಆಯ್ದು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹೊಸ್ತಿಲ ಮುಂದೆ ಅಭ್ಯಾಸಬಲದಿಂದ ನಿಂತೇಬಿಟ್ಟಳು, ಕೂಗಲು ಬಾಯಿಯನ್ನೂ ತೆರೆದಳು. ಆಮೇಲೆ ಬಾಯಿ ಮುಚ್ಚಿಕೊಂಡು ಬಲಗಾಲು ಎತ್ತಿ ಒಳಗಿಟ್ಟಳು. ಹಸು ತಲೆಯೆತ್ತಿ ನೋಡಿತು. ನಾನು ಜಗಲಿಯಲ್ಲಿ ಕೂತೆ. ಹೋಗಬಹುದಿತ್ತು, ಆದರೆ ನನ್ನ ಕಿವಿ ಚುರುಕು, ಬಿಸಿಲೂ ಇತ್ತು.

‘ಯಾರದು?’ ಎಂದಳು ಚೌಡಕ್ಕ.

‘ನಾನು ಕಣೆ, ಓಬಳಿ.’

‘ಏನಕ್ಕ, ಇಷ್ಟು ಮೆಲ್ಲಗೆ ಕೂಗ್ತಿದೀಯ?’

‘ಕೂಗ್ತಿಲ್ಲ. ಇಲ್ಲೇ ಇದೀನಿ.’

ಆಮೇಲೆ ಬಾಚಣಿಗೆಯ ಸದ್ದು, ‘ಅಯ್ಯೋ, ಮೆತ್ತಗೆ’ ಎಂಬ ಮಾತು, ‘ತಲೇನಾ ಇದು, ಗೀಜಗನ ಗೂಡಾ?’ ಎಂಬ ಬೈಗುಳ. ಆಮೇಲೆ ಚೌಡಕ್ಕ ಹೇಳಿದಳು, ‘ಅಕ್ಕಾ, ನಾನ್ಯಾಕೆ ಅವತ್ತು ಹಂಗೆ ಕೇಳಿದ್ನೋ ಗೊತ್ತಿಲ್ಲ ಕಣೇ. ಎಷ್ಟು ಯೋಚ್ನೆ ಮಾಡಿದೀನಿ. ನೀನು ಒಂದಿನಾನೂ ಒಂದು ಮಾತು ಅನ್ಲಿಲ್ಲ. ನಿನ್ನಂಥೋಳು ಇಲ್ಲ.’

ಬಾಚಣಿಗೆ ನಿಂತಿತು. ಮೂವತ್ತಮೂರು ವರ್ಷ ಕ್ಷಮಿಸಿದವಳೆಂಬ ದೊಡ್ಡಸ್ತಿಕೆ ಅವಳದು. ಅದಕ್ಕೆ ಅಡ್ಡಲಾಗಿದ್ದ ಸಾಕ್ಷಿ ಅವಳದೇ ಮುಷ್ಟಿಯಲ್ಲಿತ್ತು, ಭಟ್ಟಿಯ ಒಲೆಗೆ ಎಸೆದರೆ ತೀರಿತು. ಗೀರು ನೋಡಿದ ಬೀದಿಯವರಿಗೆಲ್ಲ ಗೊತ್ತಿತ್ತು, ನಿಜ, ಆದರೆ ಓಬಳಕ್ಕನ ಬಾಯಿಗೆ ಹೆದರದೆ ಚೌಡಕ್ಕನಿಗೆ ಹೇಳುವವರು ಯಾರು?

‘ನೀನಲ್ಲ ಕಣೆ’ ಎಂದಳು ಓಬಳಕ್ಕ. ‘ನೋಡು ಇಲ್ಲಿ.’

ಮಣ್ಣಿನ ತುಂಡು ಕೈಯಿಂದ ಕೈಗೆ ಹೋದ ಸದ್ದು ಕೇಳುವಂಥದ್ದಲ್ಲ. ಆದರೂ ಕೇಳಿದ ಹಾಗಾಯಿತು.

‘ಇದು ನಿನ್ ಬೆರಳು.’

‘ಹೂಂ.’

‘ನೀನಾ?’

‘ಹೂಂ.’

‘ಯಾಕೆ?’

‘ಗೊತ್ತಿದ್ರೆ ಹೇಳ್ತಿರ್ಲಿಲ್ವಾ.’

ಚೌಡಕ್ಕ ಆ ತುಂಡನ್ನು ಉಗುರಿನಿಂದ ಕೆರೆಯುವ ಸದ್ದು ಕೇಳಿತು. ಕೊನೆಗೆ ಕೇಳಿದಳು, ‘ಹಂಗಾದ್ರೆ ಮೂವತ್ಮೂರು ವರ್ಷ ನಾನು ಕಳಿಸಿದ ಹೋಳಿಗೆ?’

‘ತಿಂದೆ.’

‘ಎಲ್ಲಾನೂ?’

‘ಹೂರಣ ಒಸಿ ಗಟ್ಟಿ ಇರ್ತಿತ್ತು.’

ಒಳಗೆ ಚೌಡಕ್ಕ ನಗಲು ಹೋಗಿ ಸೊಂಟ ನೊಂದು ‘ಅವ್ವಾ’ ಎಂದಳು, ಮತ್ತೆ ನಕ್ಕಳು, ಮತ್ತೆ ‘ಅವ್ವಾ’ ಎಂದಳು. ‘ಅಲ್ಲಾಡ್ಬೇಡ, ಸಿಕ್ಕು ಬಿಡಿಸ್ತಿದೀನಿ’ ಎಂದು ಓಬಳಕ್ಕ ಗದರಿದಳು.

ನಾನು ಎದ್ದು ಹೊರಡುವಾಗ ಅವಳು ಕೊಬ್ಬರಿ ಎಣ್ಣೆ ಹುಡುಕುತ್ತ ಬಾಗಿಲಿಗೆ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಏನೋ ಬಟ್ಟಲಪ್ಪ, ನಿನ್ನ ತೋಳು ಮೊಣಕೈವರೆಗೂ ಒದ್ದೆ ಐತೆ?’ ಎಂದಳು. ಉತ್ತರಕ್ಕೆ ಕಾಯದೆ ಒಳಗೆ ಹೋದಳು. ನೋಡಿದೆ. ಒದ್ದೆಯಾಗಿತ್ತು.

ತೇಲುವ ಬಟ್ಟಲನ್ನು ಮುಟ್ಟಬಾರದು. ಅದು ಗೋಡೆಯ ಮೊದಲನೆಯ ಬಿಲ್ಲೆ. ನಮ್ಮ ಮನೆತನದಲ್ಲಿ ಯಾರೂ ಮುಟ್ಟಿದವರಲ್ಲ. ಎಲ್ಲರೂ ಬಾಚಣಿಗೆಯ ಕಡೆ ನೋಡುತ್ತಿದ್ದಾಗ ನಾನು ಕೊಪ್ಪರಿಗೆಯೊಳಗೆ ಕೈ ಇಳಿಸಿದ್ದು, ಬಟ್ಟಲಿನ ತಳ ತಡವಿ ತೂತಿಗೆ ಬೆರಳಿಟ್ಟದ್ದು, ತಾಮ್ರ ತಣ್ಣಗಿದ್ದದ್ದು, ಬೆರಳಿನ ತುದಿ ಜುಮ್ಮೆನ್ನುವವರೆಗೂ ಹಾಗೇ ಹಿಡಿದಿದ್ದದ್ದು, ಎಲ್ಲ ಚೆನ್ನಾಗಿ ನೆನಪಿದೆ. ಏಕೆ ಹಿಡಿದೆ ಎನ್ನುವುದು ಮಾತ್ರ, ಎಷ್ಟು ಯೋಚಿಸಿದರೂ, ಹೊಳೆಯುವುದಿಲ್ಲ.

ಕಾರಣ ಇದ್ದಿರಬೇಕು.